ಕೊಲ್ಹಾರ ಸೇತುವಿ ಮ್ಯಾಲ ಅರವತ್ತೆರಡು

ಈಗ ರೈಲಿನಾಗ ನೌಕರಿ. ಸ್ಪೋರ್ಟ್ಸ್ ಕೋಟಾ.
ಗದಗಿನಿಂದ ಸೊಲ್ಲಾಪುರ ತನಕ ಟಿಕೀಟು ನೋಡ್ಕೋತ ಹೋಗ್ತೇನಿ.
ನೂರರ ಮ್ಯಾಲ ಓಡ್ತದ ಅಂತಾರ ಗಾರ್ಡ್ ಸಾಹೇಬರು.
ಇರಬಹುದು.
ಕಾಗದದ ಕಪ್ಪಿನ್ಯಾಗಿನ ಚಾ ಸುದ್ದಾ
ಅದನ್ನ ನಂಬೂದಿಲ್ಲ.
ಆಲಮಟ್ಟಿ ಹತ್ತಿರ ಹಾರ್ನ್ ಹೊಡದ್ರ ಮಾತ್ರ
ಪಾವತಿ ಪುಸ್ತಕದ ಮ್ಯಾಲ
ನನ್ನ ಎರಡು ಬೆರಳು ತಾವ ಮಡಚ್ತಾವ.

ವೇಗ ಅಂದ್ರ ನನಗ
ಮೊಸರಿನ ವಾಸನಿ.

ಆಗ ಹದಿನೇಳು. ಅಡಿವೆಪ್ಪ ಸರ್ ಕೊಟ್ಟ ಹಳೇ ಸೈಕಲ್ಲು,
ಹ್ಯಾಂಡಲ್ಲಿಗೆ ಯಾರದೋ ಬೆವರು ಕುಡದ ಟೇಪು,
ನಡುವ ತಾಳಿಯಷ್ಟ ಸಣ್ಣ ಮೀಟರು.
ಬೆಳಿಗ್ಗೆ ಐದೂವರಿಗೆ ಲಾಲಸಾಬನ ಟೆಂಪೋ
ಕೊಲ್ಹಾರ ಬಿಡ್ತಿತ್ತು ಬಾಗಲಕೋಟಿ ಕಡೆ,
ಹಿಂದ ಹುಲ್ಲಿನ ಸಿಂಬಿ ಮ್ಯಾಲ ಮೊಸರಿನ ಗಡಿಗಿ,
ಗಡಿಗಿ ನಡುವ ಅವ್ವ,
ಬಂದ ದಾರಿಗೆ ಮುಖ ಮಾಡಿ.

ಸರ್ ಹೇಳಿದ್ರು: ದೊಡ್ಡ ಗಾಡಿ ಬೆನ್ನಿಗೆ
ಗಾಳಿ ಇಲ್ಲದ್ದೊಂದು ಖೋಲಿ ಇರ್ತದ,
ಅದರಾಗ ಹೊಕ್ಕರ ಕಾಲು ತಮ್ಮಷ್ಟಕ್ಕ ತಾವ ತಿರಗ್ತಾವ.
ಹೇಳಿ, ಹಂಗ ಮಾಡಬ್ಯಾಡ ಅಂತನೂ ಹೇಳಿದ್ರು.
ನಾ ಅರ್ಧಾ ಕೇಳಿದೆ.

ಸೇತುವಿ ಮೊದಲ ಕಂಬ. ನಲವತ್ತು.
ಚೈನು ಹಲ್ಲು ಬದಲಿಸ್ತು. ಐವತ್ತು.
ಕಟಕಟಿ ಸರಳು ಒಂದಕ್ಕೊಂದು ಕೂಡಿ
ಒಂದ ಬೂದು ಗೀಟಾದ್ವು,
ಕಣ್ಣೀರು ಕೆಳಗಿಳಿಯೂದು ಬಿಟ್ಟು
ಕಿವಿ ಕಡೆ ಓಡಿತು.
ಆಮ್ಯಾಲ ಯಾರೋ ಬಾಗಲಾ ಹಾಕಿಧಂಗ
ಗಪ್ಪ.

ಟೆಂಪೋದ ಹಲಿಗಿಗೂ ನನ್ನ ಮುಂದಿನ ಗಾಲಿಗೂ
ಒಂದು ಮೊಳ.
ಅವ್ವ ಅಲ್ಲೇ. ನಾ ಇಲ್ಲೇ.
ಇಬ್ಬರೂ ಎಲ್ಲಿಗೂ ಹೊಂಟಿಲ್ಲ,
ಕಟ್ಟಿ ಮ್ಯಾಲ ಎದುರಾಬದರ ಕೂತವರ ಹಂಗ.
ನೀರು, ಕಂಬ, ತೆಪ್ಪದಾಗ ಬಲಿ ಬಿಡಸಾವ್ರು
ಅವರ ಅವಸರ ಮಾಡಿ ಹಿಂದ ಹೋಗಾಕತ್ತಿದ್ರು.
ಒಂದು ಗಡಿಗಿ ಬಾಯಿ ಅರಬಿ ಸರದಿತ್ತು.
ಒಳಗ ಕೆನಿ
ಒಂದ ಸುಕ್ಕೂ ಇಲ್ಲದ ನಿಂತಿತ್ತು.
ಅರವತ್ತೆರಡು.

ಅವ್ವ ಏನೋ ಅಂದ್ಳು. ತುಟಿ ಕಂಡ್ವು,
ಮಾತು ನನ್ನ ದಾಟಿ ಹೋತು.
ಇಳಕಲ್ ಸೀರಿಯ ಕೆಂಪು ಸೆರಗು ಮುಷ್ಟ್ಯಾಗ ಹಿಡದು
ಒಂದು ಕೈ ಮ್ಯಾಲ ಎತ್ತಿದ್ಳು.
ಮಗಳ ಓಟಾ ನೋಡಿ ಹಿಗ್ಗ್ಯಾಳ ಅನಕೊಂಡೆ.
ಹಲ್ಲು ಕಿಸದೆ.

ಸೇತುವಿ ನಡುವ ಒಂದು ಕಡೆ, ದಿನಾ,
ಆಕಿ ನೀರಿನ ಕಡೆ ಮುಖ ಹೊರಳಸ್ತಿದ್ಳು.
ಅಲ್ಲೆ ಕೆಳಗ ಮುಳುಗಿದ ಊರು,
ಆಕಿ ಎಮ್ಮಿ ಕಟ್ಟಿದ ಗ್ವಾದಲಿ.
ಅವತ್ತ ಹೊರಳಸಲಿಲ್ಲ.
ಅದನ್ನೂ ನನ್ನ ಖಾತೆಗೇ ಬರಕೊಂಡೆ.

ಕೊರ್ತಿ ಬಂತು. ಲಾಲಸಾಬ
ಖಾಲಿ ರಸ್ತೆಗೆ ಯಾಕೋ ಎರಡು ಸಲ ಹಾರ್ನ್ ಹೊಡದ.
ಅವ್ವನ ಕೈ ಇಳೀತು.
ಬೆರಳು ಬ್ರೇಕಿಗೆ ಹ್ವಾದ್ವು,
ನಾ ಕಳಿಸಲಿಲ್ಲ, ತಾವ ಹ್ವಾದ್ವು.
ತಿರುಗಿ ಒಬ್ಬಾಕಿನ ಬರೂವಾಗ ಅದೇ ಸೇತುವಿ,
ಎದುರು ಗಾಳಿ, ಹದಿನೆಂಟು.

ಆಮ್ಯಾಲ ಸಿಮೆಂಟಿನ ಟ್ರ್ಯಾಕು, ನಂಬರಿನ ಜರ್ಸಿ,
ಒಂದು ಬೆಳ್ಳಿ, ಎರಡು ಕಂಚು,
ಮುರದು ಸೊಟ್ಟ ಕೂಡಿದ ಒಂದು ಭುಜದ ಎಲುಬು.
ಎಲ್ಲಾ ಕಡೆ ಗಾಳಿ ಇತ್ತು.

ಹ್ವಾದ ದೀಪಾವಳಿಗೆ, ಹೆಸರು ಆರಸೂ ಮುಂದ ಕೇಳಿದೆ:
ಅವತ್ತ ಏನಂದಿ ಯವ್ವಾ, ಸೇತುವಿ ಮ್ಯಾಲ?
ಮಾರಿ ಎತ್ತಲಿಲ್ಲ ಆಕಿ.
“ಅವನ ಗಾಡಿ ಹಿಂದಿನ ಕೆಂಪು ದೀಪ ಕೆಟ್ಟು
ಎಂಟು ದಿನಾ ಆಗಿತ್ತಲ್ಲ.
ಹಾರ್ನ್ ಹೊಡದು ಆಮ್ಯಾಲ ಬ್ರೇಕ್ ಹಾಕಪಾ ಅಂತ ಅವಗ ಹೇಳಿದ್ದೆ.
ಕೈ ಇಳಿಸಿದ್ರ ಹಿಂದ ಸರಿ ಅಂತ
ನಿನಗ ಹೇಳಿದೆ.
ನೀ ನಗಾಕತ್ತಿದ್ದಿ.”

ಮರದಾಗ ಒಂದು ಹಳ್ಳು ಸಿಕ್ತು ಆಕಿಗೆ.
ಅಂಗಳಕ್ಕ ಒಗದ್ಳು.